‘ಪೇಂಟರ್ ಮ್ಯಾನ್’ ನುಡಿಸುವ ಮುನ್ನ



ಶನಿವಾರ ಸಂಜೆಯಾದರೆ ಬೆಂಗಳೂರು, ಮೈಸೂರು, ಮಣಿಪಾಲ, ಹುಬ್ಬಳ್ಳಿಯ ಯಾವುದೋ ಒಂದು ವೇದಿಕೆ ಹತ್ತಿ, ಗಿಟಾರ್ ಹೆಗಲಿಗೇರಿಸಿ, ಹಳೆಯ ರಾಕ್ ಹಾಡುಗಳಿಗೆ ಮತ್ತೆ ಜೀವ ಕೊಡುವ ನಿಮಗೆಲ್ಲ ಈ ಪತ್ರ. ನಿಮ್ಮ ಪಟ್ಟಿಗೆ ಇನ್ನೊಂದು ಹಾಡು ಸೇರಿಸಿಕೊಳ್ಳಿ ಎಂದು ಕೇಳುವುದಕ್ಕಾಗಿ ಬರೆಯುತ್ತಿದ್ದೇನೆ. ಹಾಡಿನ ಹೆಸರು ‘ಪೇಂಟರ್ ಮ್ಯಾನ್’.

ಹೆಸರು ಹೇಳಿದ ಕೂಡಲೇ ನಿಮ್ಮ ಮನೆಯ ಹಿರಿಯರು ‘ಅದು ಬೋನಿ ಎಂ ಅಲ್ಲವಾ’ ಎನ್ನುತ್ತಾರೆ. ಹೌದು, ಬೋನಿ ಎಂ ಅದನ್ನು ಹಾಡಿದೆ, ಸೊಗಸಾಗಿಯೇ ಹಾಡಿದೆ. 1978ರ ‘ನೈಟ್‌ಫ್ಲೈಟ್ ಟು ವೀನಸ್’ ಆಲ್ಬಮ್‌ನಲ್ಲಿ, ‘ರಾಸ್‌ಪುಟಿನ್’, ‘ರಿವರ್ಸ್ ಆಫ್ ಬ್ಯಾಬಿಲಾನ್’ಗಳ ನೆರೆಯಲ್ಲಿ ಅದಿದೆ. ಆದರೆ ನಾನು ನಿಮ್ಮಿಂದ ಕೇಳಬಯಸುವುದು ಅದಕ್ಕೂ ಹನ್ನೆರಡು ವರ್ಷ ಹಿಂದಿನ ‘ಪೇಂಟರ್ ಮ್ಯಾನ್’ ಅನ್ನು. ಅದನ್ನು ಕಟ್ಟಿ ಹಾಡಿದವರು ಲಂಡನ್ನಿನ ಉತ್ತರಕ್ಕೆ, ಹರ್ಟ್‌ಫರ್ಡ್‌ಶೈರ್‌ನ ಚೆಸ್‌ಹಂಟ್ ಎಂಬ ಊರಿನ ಹುಡುಗರ ತಂಡ ‘ದಿ ಕ್ರಿಯೇಷನ್’. ಅರವತ್ತರ ದಶಕದ ಬ್ರಿಟಿಷ್ ರಾಕ್ ಎಂದರೆ ಬೀಟಲ್ಸ್, ಸ್ಟೋನ್ಸ್, ದಿ ಹೂ, ಕಿಂಕ್ಸ್ ಎಂದು ಬೆರಳು ಮಡಚುತ್ತೇವಲ್ಲ, ಆ ಎಣಿಕೆಯಲ್ಲಿ ಈ ಹೆಸರು ಬರುವುದೇ ಇಲ್ಲ. ಬರಬೇಕಿತ್ತು ಎಂಬುದು ನನ್ನ ಗಟ್ಟಿ ನಂಬಿಕೆ.

ಮೊದಲು ತಂಡದ ವಿಚಾರ ಹೇಳಿಬಿಡುತ್ತೇನೆ. ಅರವತ್ತರ ದಶಕದ ಮೊದಲರ್ಧದಲ್ಲಿ ಇವರು ‘ಮಾರ್ಕ್ ಫೋರ್’ ಎಂಬ ಹೆಸರಿನಲ್ಲಿ ಕ್ಲಬ್ಬುಗಳಲ್ಲಿ ನುಡಿಸುತ್ತಿದ್ದರು, ಜರ್ಮನಿಗೂ ಹೋಗಿಬಂದಿದ್ದರು. ಕೆಲವು ರೆಕಾರ್ಡ್ ಮಾಡಿದರೂ ಯಾರೂ ಅಷ್ಟಾಗಿ ಕೊಳ್ಳಲಿಲ್ಲ. ಬೇಸ್ ನುಡಿಸುತ್ತಿದ್ದ ಜಾನ್ ಡಾಲ್ಟನ್ ತಂಡ ಬಿಟ್ಟವರು ಆಮೇಲೆ ಕಿಂಕ್ಸ್ ಸೇರಿಕೊಂಡರು. ಉಳಿದವರು 1966ರಲ್ಲಿ ಹೊಸ ಹೆಸರು ಇಟ್ಟುಕೊಂಡು ಮತ್ತೆ ಶುರುಮಾಡಿದರು. ಹಾಡುವವರು ಕೆನ್ನಿ ಪಿಕೆಟ್, ಗಿಟಾರ್ ಎಡ್ಡಿ ಫಿಲಿಪ್ಸ್, ಬೇಸ್ ಬಾಬ್ ಗಾರ್ನರ್, ಡ್ರಮ್ಸ್ ಜ್ಯಾಕ್ ಜೋನ್ಸ್. ಮ್ಯಾನೇಜರ್ ಆಗಿದ್ದ ಟೋನಿ ಸ್ಟ್ರಾಟನ್-ಸ್ಮಿತ್ ಇವರನ್ನು ಶೆಲ್ ಟಾಲ್ಮಿ ಹತ್ತಿರ ಕರೆದುಕೊಂಡು ಹೋದರು.

ಟಾಲ್ಮಿ ಹೆಸರು ನಿಮಗೆ ಗೊತ್ತಿರಲೇಬೇಕು. ಅಮೆರಿಕದಿಂದ ಲಂಡನ್ನಿಗೆ ಬಂದ ನಿರ್ಮಾಪಕ. ಕಿಂಕ್ಸ್‌ನ ‘ಯೂ ರಿಯಲಿ ಗಾಟ್ ಮಿ’, ದಿ ಹೂ ತಂಡದ ‘ಮೈ ಜನರೇಷನ್’ ಎರಡನ್ನೂ ಧ್ವನಿಮುದ್ರಿಸಿದವರು ಅವರೇ. ಗಿಟಾರ್ ಕಿರುಚಿದರೆ ತಡೆಯುತ್ತಿದ್ದ ಕಾಲದಲ್ಲಿ, ಕಿರುಚಲಿ ಬಿಡಿ ಎಂದವರು. ದಿ ಹೂ ತಂಡಕ್ಕೂ ಅವರಿಗೂ 1966ರ ಹೊತ್ತಿಗೆ ಮುರಿದುಬಿದ್ದು ವ್ಯಾಜ್ಯವಾಗಿತ್ತು. ‘ಪ್ಲಾನೆಟ್’ ಎಂಬ ತಮ್ಮದೇ ಪುಟ್ಟ ಲೇಬಲ್ ನಡೆಸುತ್ತಿದ್ದರು. ಆ ಲೇಬಲ್‌ನಿಂದ ಕ್ರಿಯೇಷನ್ ತಂಡದ ಮೊದಲ ಹಾಡು ‘ಮೇಕಿಂಗ್ ಟೈಮ್’ 1966ರ ಬೇಸಿಗೆಯಲ್ಲಿ ಬಂತು. ಬ್ರಿಟಿಷ್ ಚಾರ್ಟ್‌ನಲ್ಲಿ ಅದು ಮುಟ್ಟಿದ್ದು 49ನೇ ಸ್ಥಾನ. ಶರತ್ಕಾಲದಲ್ಲಿ ಬಂದ ‘ಪೇಂಟರ್ ಮ್ಯಾನ್’ 36ಕ್ಕೆ ಏರಿ ಇಳಿಯಿತು. ಸ್ವದೇಶದಲ್ಲಿ ಈ ತಂಡ ಕಂಡ ಎತ್ತರ ಅಷ್ಟೇ.

ಇನ್ನು ಗಿಟಾರ್ ವಿಷಯ. ಅದಕ್ಕಾಗಿಯೇ ನಾನು ಈ ತಂಡಕ್ಕೆ ಮನಸೋತದ್ದು.

ಎಡ್ಡಿ ಫಿಲಿಪ್ಸ್ ಎಲೆಕ್ಟ್ರಿಕ್ ಗಿಟಾರನ್ನು ಪಿಟೀಲಿನ ಕಮಾನಿನಿಂದ ನುಡಿಸಿದರು. ನಿಮ್ಮಲ್ಲಿ ಬಹಳ ಜನ ಈ ಮಾತು ಕೇಳಿದೊಡನೆ ಜಿಮ್ಮಿ ಪೇಜ್ ಹೆಸರು ಹೇಳುತ್ತೀರಿ. ಲೆಡ್ ಜೆಪ್ಲಿನ್ ಮೊದಲ ಆಲ್ಬಮ್ ಬಂದದ್ದು 1969ರಲ್ಲಿ. ಅದರ ‘ಡೇಜ್ಡ್ ಅಂಡ್ ಕನ್‌ಫ್ಯೂಸ್ಡ್’ ಹಾಡಿನ ಕಮಾನು ಲೋಕಪ್ರಸಿದ್ಧ. ಫಿಲಿಪ್ಸ್ ಕಮಾನು ಹಿಡಿದ ‘ಮೇಕಿಂಗ್ ಟೈಮ್’ 1966ರದ್ದು. ತಮಗೆ ಆ ಉಪಾಯ ಸೂಚಿಸಿದ್ದು ಸ್ಟುಡಿಯೋದಲ್ಲಿ ಜೊತೆಗಿದ್ದ ಒಬ್ಬ ಪಿಟೀಲು ವಾದಕರು ಎಂದು ಪೇಜ್ ಹೇಳಿದ್ದಾರೆ, ಅದನ್ನು ನಂಬದಿರಲು ನನಗೆ ಕಾರಣವಿಲ್ಲ. ಯಾರು ಯಾರಿಂದ ಕದ್ದರು ಎಂಬ ತಕರಾರು ನನಗೆ ಬೇಡ. ಮೊದಲು ರೆಕಾರ್ಡಿನ ಮೇಲೆ ಕೇಳಿಸಿದ್ದು ಯಾರ ಕೈ ಎಂಬುದು ಮಾತ್ರ ನೆನಪಿರಲಿ.

ನೀವೇ ಒಮ್ಮೆ ಮಾಡಿ ನೋಡಿ, ಅದು ಎಷ್ಟು ಕಷ್ಟದ ಕೆಲಸ ಎಂದು ಗೊತ್ತಾಗುತ್ತದೆ. ಪಿಟೀಲಿನ ಕುದುರೆ ಮೇಲ್ಭಾಗದಲ್ಲಿ ಕಮಾನಿನಂತೆ ಬಾಗಿರುತ್ತದೆ. ಹಾಗಾಗಿ ಬೋ ಒಂದು ತಂತಿಯ ಮೇಲೆ ಹರಿದಾಗ ಪಕ್ಕದ ತಂತಿಗೆ ತಗಲುವುದಿಲ್ಲ. ಗಿಟಾರಿನ ಕುದುರೆ ಹೆಚ್ಚುಕಡಿಮೆ ಚಪ್ಪಟೆ. ನಡುವಿನ ತಂತಿಯೊಂದನ್ನೇ ಉಜ್ಜುತ್ತೇನೆಂದು ಹೊರಟರೆ ಮೂರು ನಾಲ್ಕು ತಂತಿ ಒಟ್ಟಿಗೆ ಗೊಣಗುತ್ತವೆ. ಅಂಚಿನ ಎರಡು ತಂತಿಗಳು ಮಾತ್ರ ಒಂಟಿಯಾಗಿ ಸಿಗುತ್ತವೆ. ಕಮಾನಿನ ಕೂದಲಿಗೆ ರಾಳ ತಿಕ್ಕದಿದ್ದರೆ ಲೋಹದ ತಂತಿಯ ಮೇಲೆ ಅದು ಜಾರುತ್ತದೆ, ತಿಕ್ಕಿದರೆ ಪಿಕಪ್ಪಿನ ಮೇಲೆಲ್ಲ ಬಿಳಿ ಪುಡಿ. ಇಷ್ಟೆಲ್ಲ ಅಡಚಣೆ ದಾಟಿದ ಮೇಲೆ ಹುಟ್ಟುವ ನಾದ ಪಿಟೀಲಿನದೂ ಅಲ್ಲ, ಗಿಟಾರಿನದೂ ಅಲ್ಲ. ಮೀಟಿದ ನಾದ ಹುಟ್ಟಿದ ಗಳಿಗೆಯಿಂದಲೇ ಸಾಯತೊಡಗುತ್ತದೆ. ಉಜ್ಜಿದ ನಾದ ಕೈ ಇರುವಷ್ಟು ಹೊತ್ತೂ ಇರುತ್ತದೆ, ಬೇಕೆಂದಾಗ ಉಬ್ಬುತ್ತದೆ. ಅದಕ್ಕೆ ಆಂಪ್ಲಿಫೈಯರ್‌ನ ಫೀಡ್‌ಬ್ಯಾಕ್ ಸೇರಿಕೊಂಡರೆ ಕೇಳುವವರ ಎದೆಯೊಳಗೇ ಏನೋ ಕೊರೆದಂತಾಗುತ್ತದೆ. ನಮ್ಮ ಮೈಸೂರಿನ ಟಿ. ಚೌಡಯ್ಯನವರು ದೊಡ್ಡ ಸಭೆಯ ಕೊನೆಯ ಸಾಲಿಗೂ ಕೇಳಲಿ ಎಂದು ಪಿಟೀಲಿಗೆ ತಂತಿ ಹೆಚ್ಚಿಸಿ ಏಳು ಮಾಡಿಕೊಂಡರಲ್ಲ, ಫಿಲಿಪ್ಸ್ ಹಟವೂ ಆ ಜಾತಿಯದೇ. ವಾದ್ಯ ಕೊಡುವಷ್ಟು ಸಾಲದು, ತನಗೆ ಕೇಳಿಸುತ್ತಿರುವ ನಾದ ಹೊರಗೆ ಬರಲೇಬೇಕು ಎಂಬ ಹಟ.

ತಮ್ಮ ಸಂಗೀತಕ್ಕೆ ಬಣ್ಣವಿದೆ, ಅದು ಕೆಂಪು, ನಡುನಡುವೆ ನೇರಳೆಯ ಮಿಂಚು ಎಂಬ ಅರ್ಥದ ಮಾತು ಫಿಲಿಪ್ಸ್ ಅವರದು. ಬಾಯಿಮಾತಿಗೆ ಹೇಳಿದ್ದಲ್ಲ. ವೇದಿಕೆಯ ಮೇಲೆ ಹಾಡು ನಡೆಯುತ್ತಿದ್ದಂತೆಯೇ ಪಿಕೆಟ್ ಹಿಂದಿನ ಕ್ಯಾನ್ವಾಸ್ ಮೇಲೆ ಸ್ಪ್ರೇ ಡಬ್ಬಿಯಿಂದ ಬಣ್ಣ ಎರಚಿ ಚಿತ್ರ ಬರೆಯುತ್ತಿದ್ದರು. ಕೊನೆಗೆ ಆ ಚಿತ್ರಕ್ಕೆ ಬೆಂಕಿ ಇಡುತ್ತಿದ್ದರು. ದಿ ಹೂ ತಂಡ ಗಿಟಾರ್ ಒಡೆಯುತ್ತಿದ್ದ ಕಾಲ ಅದು. ಒಡೆಯುವುದಕ್ಕೆ ಮೊದಲು ಏನನ್ನಾದರೂ ಮಾಡಿ ತೋರಿಸಬೇಕು ಎಂಬುದು ಇವರ ದಾರಿ. ನನಗೆ ಇದೇ ಹೆಚ್ಚು ಪ್ರಿಯ.

ಆ ಚಿತ್ರ ಬರೆಯುವ ಆಟಕ್ಕೂ ಹಾಡಿಗೂ ನೇರ ಸಂಬಂಧವಿದೆ. ಪಿಕೆಟ್ ಮತ್ತು ಫಿಲಿಪ್ಸ್ ಸೇರಿ ಬರೆದ ‘ಪೇಂಟರ್ ಮ್ಯಾನ್’ ಒಬ್ಬ ಚಿತ್ರಕಾರನ ಕಥೆ. ಕಾಲೇಜಿಗೆ ಸೇರಿ ಕಲೆ ಓದಿ ಪದವಿ ಪಡೆದವನನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಹೊಟ್ಟೆಪಾಡಿಗೆ ವ್ಯಂಗ್ಯಚಿತ್ರ, ಪೋಲಿ ಪೋಸ್ಟ್‌ಕಾರ್ಡು, ಸೋಪು-ಚಹಾ ಜಾಹೀರಾತು, ತಗಡಿನ ಡಬ್ಬಿಯ ಲೇಬಲ್ಲು ಎಂದು ಒಂದೊಂದೇ ಮೆಟ್ಟಿಲು ಇಳಿಯುತ್ತಾನೆ. ಯಾರಿಗೆ ಬೇಕು ಈ ಕಸುಬು ಎಂಬ ಪ್ರಶ್ನೆ ಪಲ್ಲವಿಯಾಗಿ ಮರಳಿ ಮರಳಿ ಬರುತ್ತದೆ. ಇಂಗ್ಲೆಂಡಿನ ಆ ತಲೆಮಾರಿಗೆ ಇದು ಊಹೆಯ ಕಥೆಯಾಗಿರಲಿಲ್ಲ. ಜಾನ್ ಲೆನನ್, ಕೀತ್ ರಿಚರ್ಡ್ಸ್, ಪೀಟ್ ಟೌನ್ಸೆಂಡ್, ರೇ ಡೇವಿಸ್ ಎಲ್ಲರೂ ಆರ್ಟ್ ಸ್ಕೂಲ್ ಮೆಟ್ಟಿಲು ಹತ್ತಿದವರೇ. ಅವರು ರಾಕ್ ಹಾಡಿ ಗೆದ್ದರು. ಗೆಲ್ಲದವರು, ಗಿಟಾರ್ ಹಿಡಿಯದವರು, ಬರೀ ಕುಂಚ ನಂಬಿಕೊಂಡವರು ಎಷ್ಟೋ ಸಾವಿರ ಇದ್ದಿರಬೇಕು. ಅವರ ಪರವಾಗಿ ಮೂರು ನಿಮಿಷದ ಒಳಗೆ ಒಂದು ಇಡೀ ಬದುಕು ಹೇಳಿ ಮುಗಿಸಿದ ಹಾಡು ಇದು. ಅದೇ ಹೊತ್ತಿಗೆ ಅಮೆರಿಕದಲ್ಲಿ ಆಂಡಿ ವಾರ್‌ಹಾಲ್ ಸೂಪ್ ಡಬ್ಬಿಗಳನ್ನು ಬರೆದು ಗ್ಯಾಲರಿಯ ಗೋಡೆಗೆ ಏರಿಸಿಯಾಗಿತ್ತು. ಡಬ್ಬಿಯ ಲೇಬಲ್ಲು ಕಲೆಯಾಗಬಹುದು ಎಂದು ಅಲ್ಲಿ ಸಿದ್ಧವಾದರೆ, ಕಲಾವಿದ ಡಬ್ಬಿಯ ಲೇಬಲ್ಲು ಬರೆದೇ ಮುಗಿದುಹೋಗಬಹುದು ಎಂದು ಇಲ್ಲಿ ಈ ಹುಡುಗರು ಹಾಡಿದರು.

ಯಾರೂ ಗಮನಿಸದ ಕಲಾವಿದನ ಹಾಡು ಬರೆದ ತಂಡವನ್ನು ಊರವರೇ ಗಮನಿಸಲಿಲ್ಲ. ನೆನೆದಾಗಲೆಲ್ಲ ನನಗೆ ಇದು ಚುಚ್ಚುತ್ತದೆ.

ಗಮನಿಸಿದವರು ಜರ್ಮನ್ನರು. ಅಲ್ಲಿ ‘ಪೇಂಟರ್ ಮ್ಯಾನ್’ ಮೊದಲ ಹತ್ತರೊಳಗೆ ಬಂತು. ಬ್ರೆಮೆನ್ ಟಿವಿಯ ‘ಬೀಟ್-ಕ್ಲಬ್’ ಕಾರ್ಯಕ್ರಮಕ್ಕೆ ತಂಡ ಹೋಯಿತು. ಇವರ ‘ವಿ ಆರ್ ಪೇಂಟರ್‌ಮೆನ್’ ಎಂಬ ಆಲ್ಬಮ್ 1967ರಲ್ಲಿ ಜರ್ಮನಿ ಮತ್ತು ಯುರೋಪಿನ ಇನ್ನು ಕೆಲವು ದೇಶಗಳಲ್ಲಿ ಹೊರಬಂತು, ಇಂಗ್ಲೆಂಡಿನಲ್ಲಿ ಬರಲೇ ಇಲ್ಲ. ಒಂದು ಇಂಗ್ಲಿಷ್ ತಂಡದ ಆಲ್ಬಮ್ ಇಂಗ್ಲೆಂಡಿನ ಅಂಗಡಿಯಲ್ಲಿ ಸಿಗದ ಪರಿಸ್ಥಿತಿ. ಪ್ಲಾನೆಟ್ ಲೇಬಲ್ ಅಷ್ಟರಲ್ಲೇ ಮುಚ್ಚಿತ್ತು. 1967ರ ಮೊದಲಲ್ಲೇ ಪಿಕೆಟ್ ಹೊರನಡೆದರು, ಗಾರ್ನರ್ ಹಾಡತೊಡಗಿದರು, ಬೇಸ್ ಹಿಡಿಯಲು ಕಿಮ್ ಗಾರ್ಡ್ನರ್ ಬಂದರು. ವರ್ಷದ ಕೊನೆಯ ಹೊತ್ತಿಗೆ ಫಿಲಿಪ್ಸ್ ಕೂಡ ಬಿಟ್ಟರು. 1968ರಲ್ಲಿ ಪಿಕೆಟ್ ಮರಳಿ ಬಂದು, ಗಿಟಾರ್ ಹಿಡಿಯಲು ರಾನ್ ವುಡ್ ಎಂಬ ಹುಡುಗನನ್ನು ಕರೆತಂದು ಕೆಲವು ತಿಂಗಳು ಎಳೆದರು. ಅಲ್ಲಿಗೆ ಮುಗಿಯಿತು. ಆ ರಾನ್ ವುಡ್ ಮುಂದೆ ರೋಲಿಂಗ್ ಸ್ಟೋನ್ಸ್ ಸೇರಿದವರೇ.

ಆಮೇಲಿನ ಪಿಕೆಟ್ ಕಥೆ ಕೇಳಿ. ಲೆಡ್ ಜೆಪ್ಲಿನ್ ಮೊದಲ ಸಲ ಅಮೆರಿಕ ಸುತ್ತಿದಾಗ ಅವರ ವಾದ್ಯ, ಪೆಟ್ಟಿಗೆ, ತಂತಿಗಳನ್ನು ಹೊತ್ತು ಜೋಡಿಸುವ ಕೆಲಸಕ್ಕೆ ಜೊತೆಯಲ್ಲಿ ಹೋದವರಲ್ಲಿ ಅವರಿದ್ದರು. ತನ್ನ ಪಕ್ಕದಲ್ಲೇ ನಿಂತು ಗೆಳೆಯನೊಬ್ಬ ಕಮಾನು ಎಳೆದದ್ದನ್ನು ಕಂಡ ಮನುಷ್ಯ, ಈಗ ಬೇರೊಬ್ಬರು ಕಮಾನು ಎಳೆಯುವಾಗ ಸಾವಿರಾರು ಜನ ಕುಣಿಯುವುದನ್ನು ವೇದಿಕೆಯ ಬದಿಯಿಂದ ನೋಡಿರಬೇಕು. ಅವರ ಕೈಗೆ ಕೊನೆಗೂ ನಂಬರ್ ಒನ್ ಹಾಡು ಸಿಕ್ಕಿತು, ಆದರೆ ರಾಕ್‌ನಲ್ಲಿ ಅಲ್ಲ. ಹರ್ಬಿ ಫ್ಲವರ್ಸ್ ಜೊತೆ ಸೇರಿ ಬರೆದ ‘ಗ್ರ್ಯಾಂಡ್‌ಡ್ಯಾಡ್’ ಎಂಬ ತಾತನ ಹಾಡನ್ನು ಹಾಸ್ಯನಟ ಕ್ಲೈವ್ ಡನ್ ಹಾಡಿದರು. 1971ರ ಜನವರಿಯಲ್ಲಿ ಅದು ಬ್ರಿಟನ್ನಿನ ಮೊದಲ ಸ್ಥಾನಕ್ಕೆ ಏರಿತು. ಅಲ್ಲೂ ಹಾಡು ಎಲ್ಲರ ಬಾಯಲ್ಲಿ ಇತ್ತು, ಬರೆದವರ ಹೆಸರು ಬಾಯಿಗೆ ಬರಲಿಲ್ಲ.

ಈಗ ಬೋನಿ ಎಂಗೆ ಬರೋಣ. ಈ ಪತ್ರ ಓದಿ ಯಾರೂ ಬೋನಿ ಎಂ ಮೇಲೆ ಸಿಟ್ಟಾಗಬೇಡಿ. ನನಗೆ ಆ ತಂಡದ ಮೇಲೆ ಇಂದಿಗೂ ಅಕ್ಕರೆಯಿದೆ. ಎಂಬತ್ತರ ದಶಕದ ಕರ್ನಾಟಕದಲ್ಲಿ ಟೂ-ಇನ್-ಒನ್ ಇದ್ದ ಮನೆಗಳಲ್ಲಿ ಇಂಗ್ಲಿಷ್ ಹಾಡು ಎಂದರೆ ಮೊದಲು ಕಾಲಿಡುತ್ತಿದ್ದದ್ದು ಇವರು. ಕಾಲೇಜ್ ಡೇ ಎಂದರೆ ‘ರಾಸ್‌ಪುಟಿನ್’ಗೊಂದು ಕುಣಿತ ಇರಲೇಬೇಕಿತ್ತು. ಆ ಸಂಗೀತದ ಹಿಂದಿನ ಮಿದುಳು ಫ್ರಾಂಕ್ ಫಾರಿಯನ್ ಎಂಬ ಜರ್ಮನ್ ನಿರ್ಮಾಪಕ. ಮರೆಯಾಗುತ್ತಿದ್ದ ಒಳ್ಳೆಯ ಹಾಡುಗಳನ್ನು ಹುಡುಕಿ ತಂದು ಡಿಸ್ಕೋ ತಾಳ ಕೂಡಿಸುವುದು ಅವರ ಕಸುಬು. ‘ಸನ್ನಿ’ 1966ರಲ್ಲಿ ಬಾಬಿ ಹೆಬ್ ಹಾಡಿದ್ದು. ‘ರಿವರ್ಸ್ ಆಫ್ ಬ್ಯಾಬಿಲಾನ್’ ಜಮೈಕಾದ ಮೆಲೋಡಿಯನ್ಸ್ ತಂಡದ್ದು. ‘ಸ್ಟಿಲ್ ಐಯಾಮ್ ಸ್ಯಾಡ್’ ಯಾರ್ಡ್‌ಬರ್ಡ್ಸ್ ತಂಡದ್ದು. ‘ಬ್ರೌನ್ ಗರ್ಲ್ ಇನ್ ದಿ ರಿಂಗ್’ ಜಮೈಕಾದ ಮಕ್ಕಳು ಸುತ್ತು ನಿಂತು ಆಡುವ ಹಾಡು. ‘ಪೇಂಟರ್ ಮ್ಯಾನ್’ ಕೂಡ ಹೀಗೆ ಸಿಕ್ಕಿದ್ದು. ಇಂಗ್ಲೆಂಡಿನವರು ಮರೆತ ಹಾಡು ಜರ್ಮನಿಯ ನಿರ್ಮಾಪಕನಿಗೆ ನೆನಪಾದದ್ದು ಆಶ್ಚರ್ಯವಲ್ಲ. ಅದು ಅಲ್ಲಿ ಗೆದ್ದ ದಿನಗಳಲ್ಲಿ ಫಾರಿಯನ್ ಅವರಿಗೆ ಇಪ್ಪತ್ತೈದರ ಆಸುಪಾಸು, ಅವರೂ ಹಾಡಿ ಮೇಲೆ ಬರಲು ಹೆಣಗುತ್ತಿದ್ದ ಯುವಕ. ಆಗಲೇ ಕಿವಿಗೆ ಬಿದ್ದಿರಬೇಕು. 1979ರಲ್ಲಿ ಬೋನಿ ಎಂ ಸಿಂಗಲ್ ಆಗಿ ಬಿಡುಗಡೆ ಮಾಡಿದ ‘ಪೇಂಟರ್ ಮ್ಯಾನ್’ ಸಮುದ್ರ ದಾಟಿ ಬ್ರಿಟನ್ನಿಗೆ ಬಂದು 10ನೇ ಸ್ಥಾನಕ್ಕೆ ಏರಿತು. ಹುಟ್ಟೂರಿನಲ್ಲಿ 36ರ ಆಚೆ ಹೋಗದ ಹಾಡು, ಬೇರೆ ಕಂಠದಲ್ಲಿ ಬಂದಾಗ ಹುಟ್ಟೂರೇ ಎದ್ದು ಕುಣಿಯಿತು.

ಎರಡನ್ನೂ ಒಂದರ ಹಿಂದೊಂದು ಕೇಳಿ. ಬೋನಿ ಎಂ ಹಾಡಿನಲ್ಲಿ ತಾಳ ಕಾಲಿಗೆ ಹತ್ತುತ್ತದೆ, ಪಲ್ಲವಿ ನಾಲಿಗೆಗೆ ಅಂಟುತ್ತದೆ, ಚಿತ್ರಕಾರನ ಸಂಕಟ ಹಿಂದೆ ಸರಿಯುತ್ತದೆ. ಕ್ರಿಯೇಷನ್ ಹಾಡಿನಲ್ಲಿ ಅದೇ ಪಲ್ಲವಿ ಸವಾಲಿನಂತೆ ಕೇಳುತ್ತದೆ. ಪಿಕೆಟ್ ದನಿಯಲ್ಲಿ ಅಳು ಇಲ್ಲ, ಸೆಡವಿದೆ. ಜ್ಯಾಕ್ ಜೋನ್ಸ್ ಡ್ರಮ್ಸ್ ಒಂದು ಕ್ಷಣವೂ ಸುಮ್ಮನಿರದೆ ಹಿಂದಿನಿಂದ ದಬ್ಬುತ್ತಿರುತ್ತದೆ. ನಡುವೆ ಮಾತು ನಿಂತು ಕಮಾನು ತಂತಿಗೆ ತಾಗುತ್ತದೆ. ಆಗ ಬರುವ ಕರ್ಕಶ, ಉದ್ದನೆಯ ಉಜ್ಜುಗೆ ಕ್ಯಾನ್ವಾಸಿನ ಮೇಲೆ ಒಣ ಕುಂಚ ಎಳೆದಂತೆ ಕೇಳುತ್ತದೆ. ಪದಗಳಲ್ಲಿ ಹೇಳಿ ಮುಗಿಯದ್ದನ್ನು ಗಿಟಾರ್ ಹೇಳುವ ಜಾಗ ಅದು. ನೀವು ನುಡಿಸುವಾಗ ದಯವಿಟ್ಟು ಈ ಭಾಗವನ್ನು ಬಿಡಬೇಡಿ, ಸುಲಭದ ಲೀಡ್ ಹಾಕಿ ಮುಗಿಸಬೇಡಿ.

ಹಣದ ಲೆಕ್ಕವನ್ನೂ ಒಂದಿಷ್ಟು ಹೇಳಬೇಕು, ಯಾಕೆಂದರೆ ನೀವೂ ಈ ಕ್ಷೇತ್ರದವರು. ಹಾಡನ್ನು ಇನ್ನೊಬ್ಬರು ಹಾಡಿ ಮಾರಿದಾಗ ಗೌರವಧನ ಸಲ್ಲುವುದು ಹಾಡು ಬರೆದವರಿಗೆ ಮತ್ತು ಅದರ ಪ್ರಕಾಶಕರಿಗೆ. ಮೊದಲು ನುಡಿಸಿದವರಿಗೆ ಅಲ್ಲ. ಬೋನಿ ಎಂ ಗೆಲುವಿನಲ್ಲಿ ಪಿಕೆಟ್ ಮತ್ತು ಫಿಲಿಪ್ಸ್ ಅವರಿಗೆ ಪಾಲಿತ್ತು. ಗಾರ್ನರ್ ಬೇಸಿಗೆ, ಜೋನ್ಸ್ ಡ್ರಮ್ಸಿಗೆ ಆ ಲೆಕ್ಕದಲ್ಲಿ ಜಾಗವಿಲ್ಲ. ಆ ಇಬ್ಬರು ಇಲ್ಲದೆ ಆ ಹಾಡು ಆ ಹಾಡಾಗುತ್ತಿರಲಿಲ್ಲ. ಅವರಿಗೆ ಸಲ್ಲಬಹುದಾದದ್ದು ಒಂದೇ, ತಂಡದ ಹೆಸರನ್ನು ಹೇಳುವುದು.

ಹೆಸರು ಹೇಗೆ ಕಳೆದುಹೋಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಗ್ರಾಮಫೋನ್ ತಟ್ಟೆಯ ನಡುವಿನ ಲೇಬಲ್ ಮೇಲೆ ಹಾಡಿನ ಹೆಸರಿನ ಕೆಳಗೆ, ಕಂಸದೊಳಗೆ, ಇರುವೆ ಗಾತ್ರದ ಅಕ್ಷರದಲ್ಲಿ ಬರೆದವರ ಹೆಸರಿರುತ್ತಿತ್ತು. ನಮ್ಮೂರಿಗೆ ಆ ತಟ್ಟೆ ಬರುತ್ತಿರಲಿಲ್ಲ. ಬಸ್‌ಸ್ಟ್ಯಾಂಡ್ ಹತ್ತಿರದ ರೆಕಾರ್ಡಿಂಗ್ ಅಂಗಡಿಗೆ ಖಾಲಿ ಕ್ಯಾಸೆಟ್ ಕೊಟ್ಟು, ಬೇಕಾದ ಹಾಡುಗಳ ಪಟ್ಟಿ ಬರೆದುಕೊಟ್ಟರೆ ಎರಡು ದಿನ ಬಿಟ್ಟು ತುಂಬಿಸಿಕೊಡುತ್ತಿದ್ದರು. ಅಂಗಡಿಯ ಹುಡುಗ ಗೆರೆ ಹಾಕಿದ ಕಾರ್ಡಿನ ಮೇಲೆ ನೀಲಿ ಪೆನ್ನಿನಲ್ಲಿ ಹಾಡುಗಳ ಹೆಸರು ಬರೆದಿರುತ್ತಿದ್ದ, ಮೇಲೆ ದಪ್ಪಗೆ ‘ಬೋನಿ ಎಂ’ ಎಂದು. ಕಂಸದೊಳಗಿನ ಹೆಸರುಗಳು ಜಾಗ ಸಾಲದೆ ಹೊರಗೇ ಉಳಿದವು. ಆ ಕ್ಯಾಸೆಟ್ಟಿನಿಂದ ಇನ್ನೊಂದು ಕ್ಯಾಸೆಟ್, ಅದರಿಂದ ಮತ್ತೊಂದು. ಯಾರೂ ಯಾರ ಹೆಸರನ್ನೂ ಬೇಕೆಂದೇ ಅಳಿಸಲಿಲ್ಲ. ಈಗ ಮೊಬೈಲ್ ಪರದೆಯ ಮೇಲೆ ಹಾಡು ಓಡುತ್ತದೆ. ಹಾಡಿದವರ ಹೆಸರು ದೊಡ್ಡದು, ಬರೆದವರನ್ನು ನೋಡಬೇಕೆಂದರೆ ಮೂರು ಕಡೆ ಒತ್ತಬೇಕು. ಯಾರೂ ಒತ್ತುವುದಿಲ್ಲ.

ನಮ್ಮಲ್ಲಿ ಇದಕ್ಕೆ ಬೇರೆಯದೇ ಸಂಪ್ರದಾಯವಿದೆ ಎಂಬುದನ್ನು ನೀವು ಮರೆಯಬಾರದು. ದಾಸರ ಪದ ಎಷ್ಟೇ ಬಾಯಿ ದಾಟಲಿ, ರಾಗ ಬದಲಾಗಲಿ, ಭೀಮಸೇನ ಜೋಶಿ ಹಾಡಲಿ, ರೈಲಿನಲ್ಲಿ ಕುರುಡರು ಹಾಡಲಿ, ಕೊನೆಯ ಚರಣದಲ್ಲಿ ಅಂಕಿತ ಬಂದೇ ಬರುತ್ತದೆ. ಪುರಂದರವಿಠಲ ಎಂದಾಗ ಹಾಡಿದವರೇ ಕಟ್ಟಿದವರನ್ನು ನೆನೆದಂತಾಯಿತು. ಹಾಡಿನ ಮೈಯೊಳಗೇ ಹೆಸರು ಹೊಲಿದಿರುವುದರಿಂದ ಹೊತ್ತೊಯ್ಯುವವರು ಅದನ್ನೂ ಹೊರಲೇಬೇಕು. ರೇಡಿಯೋ ಕೇಳಿ ಬೆಳೆದ ನಮಗೆ ಇನ್ನೊಂದು ರೂಢಿ. ಆಕಾಶವಾಣಿಯಲ್ಲಿ ಕೋರಿಕೆಯ ಚಿತ್ರಗೀತೆ ಶುರುವಾಗುವ ಮೊದಲು ಚಿತ್ರದ ಹೆಸರು, ಸಾಹಿತ್ಯ ಯಾರದು, ಸಂಗೀತ ಯಾರದು, ಹಾಡಿದವರು ಯಾರು ಎಂದು ಅಷ್ಟೂ ಹೇಳಿ ಆಮೇಲೆ ಹಾಡು. ಚಿ. ಉದಯಶಂಕರ್, ಜಿ.ಕೆ. ವೆಂಕಟೇಶ್ ಎಂಬ ಹೆಸರುಗಳು ಹಳ್ಳಿಯ ಗದ್ದೆಬದುವಿನವರೆಗೆ ತಲುಪಿದ್ದು ಆ ನಾಲ್ಕು ಮಾತಿನಿಂದ. ಭಾವಗೀತೆಯ ಸಭೆಯಲ್ಲಿ ಕವಿಯ ಹೆಸರು ಹೇಳದೆ ಹಾಡಿದರೆ ಮುಂದಿನ ಸಾಲಿನ ಹಿರಿಯರು ಎದ್ದು ಕೇಳಿಯೇಬಿಡುತ್ತಾರೆ. ಅಂಥ ಊರಿನಲ್ಲಿ ಬೆಳೆದ ನಾವು, ಇಂಗ್ಲಿಷ್ ಹಾಡು ಹಾಡುವಾಗ ಮಾತ್ರ ಆ ರೂಢಿ ಬಿಟ್ಟುಬಿಡುವುದು ಯಾಕೆ?

ಹೆಸರು ಹೇಳುವುದರಿಂದ ಏನಾಗುತ್ತದೆ ಎಂದರೆ, ಕ್ರಿಯೇಷನ್ ತಂಡದ್ದೇ ಉದಾಹರಣೆ ಇದೆ. ಬೋನಿ ಎಂ ‘ಪೇಂಟರ್ ಮ್ಯಾನ್’ ಹಾಡಿದ 1978ರಲ್ಲೇ ‘ದಿ ಜ್ಯಾಮ್’ ತಂಡದ ‘ಆಲ್ ಮಾಡ್ ಕಾನ್ಸ್’ ಆಲ್ಬಮ್ ಬಂತು. ಅದರ ಒಳಕವಚದ ಚಿತ್ರಗಳ ನಡುವೆ ಕ್ರಿಯೇಷನ್ ತಂಡದ ‘ಬಿಫ್ ಬ್ಯಾಂಗ್ ಪೌ’ ಹಾಡಿನ ತಟ್ಟೆಯ ಚಿತ್ರವಿತ್ತು. ತಮಗೆ ದಾರಿ ತೋರಿದವರು ಇವರು ಎಂದು ಜ್ಯಾಮ್ ತಂಡದ ಪಾಲ್ ವೆಲ್ಲರ್ ಮಾತಿಲ್ಲದೆ ಹೇಳಿದ ಬಗೆ ಅದು. ಅಭಿಮಾನಿ ಹುಡುಗರು ಇಂಥ ಚಿತ್ರಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ. ಅಲನ್ ಮೆಕ್‌ಗೀ ಎಂಬ ಸ್ಕಾಟ್ಲೆಂಡಿನ ಯುವಕ 1983ರಲ್ಲಿ ಗೆಳೆಯರೊಂದಿಗೆ ಲಂಡನ್ನಿನಲ್ಲಿ ರೆಕಾರ್ಡ್ ಕಂಪನಿ ಶುರುಮಾಡಿದಾಗ ಅದಕ್ಕೆ ‘ಕ್ರಿಯೇಷನ್ ರೆಕಾರ್ಡ್ಸ್’ ಎಂದೇ ಹೆಸರಿಟ್ಟರು. ತಮ್ಮ ಸ್ವಂತ ತಂಡಕ್ಕೆ ‘ಬಿಫ್ ಬ್ಯಾಂಗ್ ಪೌ!’ ಎಂದು ಹೆಸರಿಟ್ಟರು. ಪ್ರೈಮಲ್ ಸ್ಕ್ರೀಮ್‌ನ ‘ಸ್ಕ್ರೀಮಡೆಲಿಕಾ’, ಮೈ ಬ್ಲಡಿ ವ್ಯಾಲೆಂಟೈನ್‌ನ ‘ಲವ್‌ಲೆಸ್’, ಓಯಸಿಸ್‌ನ ‘ಡೆಫಿನೆಟ್ಲಿ ಮೇಬಿ’ ಎಲ್ಲ ಬಂದದ್ದು ಆ ಹೆಸರಿನಡಿಯಲ್ಲೇ. ನಿಮ್ಮಲ್ಲಿ ಓಯಸಿಸ್ ನುಡಿಸದ ತಂಡ ಯಾವುದಿದೆ? ಆ ತಟ್ಟೆಗಳ ಮೇಲೆಲ್ಲ ಚೆಸ್‌ಹಂಟ್ ಹುಡುಗರ ಹೆಸರಿದೆ.

ಅದೇ ಕಂಪನಿಯ ‘ರೈಡ್’ ತಂಡ 1994ರಲ್ಲಿ ಕ್ರಿಯೇಷನ್ ತಂಡದ ‘ಹೌ ಡಸ್ ಇಟ್ ಫೀಲ್ ಟು ಫೀಲ್’ ಹಾಡನ್ನು ಮತ್ತೆ ಹಾಡಿತು. ಚದುರಿಹೋಗಿದ್ದ ಹಳಬರೂ ಆ ಹೊತ್ತಿಗೆ ಮತ್ತೆ ಕೂಡಿದ್ದರು. ತಮ್ಮ ಹೆಸರನ್ನೇ ಹೊತ್ತ ಕಂಪನಿಗೆ 1996ರಲ್ಲಿ ‘ಪವರ್ ಸರ್ಜ್’ ಎಂಬ ಹೊಸ ಆಲ್ಬಮ್ ಮಾಡಿಕೊಟ್ಟರು. ಮೂವತ್ತು ವರ್ಷದ ಮೇಲೆ, ಸ್ವಂತ ದೇಶದಲ್ಲಿ. ಮರುವರ್ಷದ ಜನವರಿಯಲ್ಲಿ ಕೆನ್ನಿ ಪಿಕೆಟ್ ತೀರಿಕೊಂಡರು. 1998ರಲ್ಲಿ ವೆಸ್ ಆಂಡರ್ಸನ್ ತಮ್ಮ ‘ರಶ್ಮೋರ್’ ಸಿನಿಮಾದಲ್ಲಿ ಶಾಲಾಹುಡುಗನ ಹತ್ತಾರು ಹವ್ಯಾಸಗಳನ್ನು ಒಂದರ ಮೇಲೊಂದು ತೋರಿಸುವ ದೃಶ್ಯಕ್ಕೆ ‘ಮೇಕಿಂಗ್ ಟೈಮ್’ ಬಳಸಿದರು. ಎಷ್ಟೋ ಹೊಸಬರು ಈ ತಂಡವನ್ನು ಹುಡುಕಿಕೊಂಡು ಹೋದದ್ದು ಆ ದೃಶ್ಯದಿಂದ. ಪಿಕೆಟ್ ಅದನ್ನು ನೋಡಲಿಲ್ಲ ಎಂಬುದು ನನಗೆ ಈಗಲೂ ಸಹಿಸಲಾಗದ ಮಾತು.

ಹಾಗಾಗಿ ನನ್ನ ಕೋರಿಕೆ ಇಷ್ಟು. ‘ಪೇಂಟರ್ ಮ್ಯಾನ್’ ನುಡಿಸಿ, 1966ರ ರೀತಿಯಲ್ಲಿ. ಶುರುಮಾಡುವ ಮೊದಲು ಮೈಕಿನಲ್ಲಿ ಹೇಳಿ: ತಂಡ ದಿ ಕ್ರಿಯೇಷನ್, ರಚನೆ ಕೆನ್ನಿ ಪಿಕೆಟ್ ಮತ್ತು ಎಡ್ಡಿ ಫಿಲಿಪ್ಸ್, ಬೇಸ್ ಬಾಬ್ ಗಾರ್ನರ್, ಡ್ರಮ್ಸ್ ಜ್ಯಾಕ್ ಜೋನ್ಸ್. ಹತ್ತು ಸೆಕೆಂಡಿನ ಮಾತು. ಆಮೇಲೆ ಬೋನಿ ಎಂ ಹೆಸರನ್ನೂ ಹೇಳಿ, ಸಭೆಯಲ್ಲಿ ನಲವತ್ತು ದಾಟಿದವರ ಮುಖ ಅರಳುತ್ತದೆ. ಇದೇ ರೂಢಿಯನ್ನು ನಿಮ್ಮ ಪಟ್ಟಿಯ ಉಳಿದ ಹಾಡುಗಳಿಗೂ ಹಿಡಿಸಿದರೆ ಇನ್ನೂ ಸಂತೋಷ.

ಕಮಾನಿಗೆ ಹಣ ಖರ್ಚು ಮಾಡಬೇಡಿ. ಕರ್ನಾಟಕ ಸಂಗೀತ ಕಲಿಯುವ ಗೆಳತಿಯೋ ತಂಗಿಯೋ ನಿಮ್ಮಲ್ಲಿ ಒಬ್ಬರಿಗಾದರೂ ಇದ್ದೇ ಇರುತ್ತಾರೆ. ಅವರ ಒಳ್ಳೆಯ ಬೋ ಮುಟ್ಟಬೇಡಿ, ಲೋಹದ ತಂತಿಗೆ ಕೂದಲು ಬೇಗ ಸವೆಯುತ್ತದೆ. ಅಟ್ಟದಲ್ಲಿ ಬಿದ್ದಿರುವ, ಕಲಿಕೆಯ ಮೊದಲ ದಿನಗಳ ಹಳೆಯ ಬೋ ಕೇಳಿ. ರಾಳ ಧಾರಾಳವಾಗಿ ಹಚ್ಚಿ. ದಪ್ಪ ತಂತಿಯಿಂದ ಶುರುಮಾಡಿ, ಒತ್ತಬೇಡಿ, ಉದ್ದಕ್ಕೆ ಎಳೆಯಿರಿ. ಆಂಪ್ಲಿಫೈಯರ್ ಕಡೆ ಅರ್ಧ ತಿರುಗಿ ನಿಂತರೆ ಫೀಡ್‌ಬ್ಯಾಕ್ ತಾನಾಗಿ ಬಂದು ಕೂಡಿಕೊಳ್ಳುತ್ತದೆ. ಬ್ರೆಮೆನ್ ಟಿವಿಯ ಆ ಹಳೆಯ ಕಪ್ಪುಬಿಳುಪು ದೃಶ್ಯ ಈಗಲೂ ನೋಡಲು ಸಿಗುತ್ತದೆ. ಫಿಲಿಪ್ಸ್ ಮಣಿಕಟ್ಟನ್ನು ಗಮನಿಸಿ.

‘ಪೇಂಟರ್ ಮ್ಯಾನ್’ ಕೈಗೆ ಕೂತ ಮೇಲೆ ‘ಹೌ ಡಸ್ ಇಟ್ ಫೀಲ್ ಟು ಫೀಲ್’ ಎತ್ತಿಕೊಳ್ಳಿ. ಅದು ಎರಡು ಬಗೆಯಲ್ಲಿ ಸಿಗುತ್ತದೆ, ಬ್ರಿಟನ್ನಿಗೊಂದು, ಅಮೆರಿಕಕ್ಕೊಂದು. ಗಿಟಾರ್ ನುಡಿಸುವವರು ಅಮೆರಿಕದ್ದನ್ನು ಕೇಳಿ, ಅದರಲ್ಲಿ ಫೀಡ್‌ಬ್ಯಾಕ್ ಹೆಚ್ಚು, ಗೋಡೆ ನಡುಗುವಷ್ಟು. ನುಡಿಸುವ ದಿನ ಗೊತ್ತಾದರೆ ತಿಳಿಸಿ. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ನನಗಿರಲಿ.

ಪ್ರೀತಿಯಿಂದ,
ನಿಮ್ಮ ಸಭೆಯ ಹಳೆಯ ಕೇಳುಗ